ಜಡೆ ಹಾಕಿದ ಕಾಲುಚೀಲ



ಕಾಲುಚೀಲ ಹೆಣೆಯುವ ಬಗ್ಗೆ ನಮ್ಮ ಕನ್ನಡ ವೇಳೆಯಲ್ಲಿ ನಾನು ಆಡಿದ ಮಾತನ್ನು ಬರಹದಲ್ಲಿ ಕೊಡಿ ಎಂದು ಕೆಲವರು ಕೇಳಿದ್ದೀರಿ. ಕುಣಿಕೆಗಳ ಲೆಕ್ಕ ಬರೆದುಕೊಳ್ಳೋಣ ಎಂದು ಪೆನ್ನು ಹುಡುಕುವಷ್ಟರಲ್ಲಿ ಹಾಡು ಶುರುವಾಯಿತು ಎಂಬುದು ಒಬ್ಬರ ದೂರು. ರೇಡಿಯೋದ ಹಣೆಬರಹವೇ ಅಷ್ಟು, ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆದಿದ್ದೇನೆ. ಪೆನ್ನು ಹುಡುಕಿಕೊಂಡು ಬನ್ನಿ, ನಾನು ಕಾಯುತ್ತೇನೆ.

ಮೈದಾನದ ಕಡೆ ಓಡಾಡುವ ನೀವೆಲ್ಲ ಫೋರ್ಟ್ ವಿಲಿಯಂ ಕೋಟೆಯನ್ನು ಹೊರಗಿನಿಂದಲಾದರೂ ನೋಡಿರುತ್ತೀರಿ. ಸೈನ್ಯದ ಪೂರ್ವ ಕಮಾಂಡಿನ ಕೇಂದ್ರ ಅದು. 2025ರ ಆರಂಭದಲ್ಲಿ ಅದಕ್ಕೆ ವಿಜಯ ದುರ್ಗ ಎಂಬ ಹೊಸ ಹೆಸರು ಬಂದ ಸುದ್ದಿಯನ್ನೂ ಓದಿರುತ್ತೀರಿ. ಅದರೊಳಗಿನ ಒಂದು ಕಟ್ಟಡಕ್ಕೆ ಬಹಳ ಕಾಲ ಕಿಚನರ್ ಹೌಸ್ ಎಂದೇ ಹೆಸರಿತ್ತು. ಈಗ ಮಾಣಿಕ್‌ಶಾ ಹೌಸ್. ಈ ಕಿಚನರ್ ಸಾಹೇಬ 1902ರಿಂದ 1909ರವರೆಗೆ ಹಿಂದೂಸ್ಥಾನದ ಸೈನ್ಯದ ದಂಡನಾಯಕ. ವೈಸರಾಯ್ ಕರ್ಜನ್‌ನ ಜತೆ ಜಗಳ ಕಾದು, 1905ರಲ್ಲಿ ಕರ್ಜನ್ನನೇ ರಾಜೀನಾಮೆ ಕೊಟ್ಟು ಹೋಗುವ ಹಾಗೆ ಮಾಡಿದ ಗಟ್ಟಿ ಆಸಾಮಿ. ದೊಡ್ಡ ಮೀಸೆಯವನು, ಬೆರಳು ಚಾಚಿ ಸೈನ್ಯಕ್ಕೆ ಕರೆಯುವ ಬ್ರಿಟಿಷರ ಪೋಸ್ಟರಿನಲ್ಲಿರುವ ಮುಖ ಅವನದೇ. ಇವನಿಗೂ ಉಲ್ಲನ್ ಕಾಲುಚೀಲಕ್ಕೂ ಏನು ನಂಟು ಅನ್ನುತ್ತೀರಾ? ಜಗತ್ತಿನಲ್ಲಿ ಇವತ್ತು ಇಂಗ್ಲಿಷ್ ಪುಸ್ತಕ ನೋಡಿ ಕೈಯಲ್ಲಿ ಕಾಲುಚೀಲ ಹೆಣೆಯುವ ಬಹಳ ಮಂದಿ ಕೊನೆಗೆ ಬೆರಳ ತುದಿಯನ್ನು ಮುಚ್ಚಲು ಒಂದು ಹೊಲಿಗೆ ಹಾಕುತ್ತಾರೆ. ಅದರ ಹೆಸರು ಕಿಚನರ್ ಹೊಲಿಗೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಈತ ಬ್ರಿಟನ್ನಿನ ಯುದ್ಧ ಮಂತ್ರಿ. ಕಂದಕಗಳಲ್ಲಿ ದಿನಗಟ್ಟಲೆ ತಣ್ಣೀರಿನಲ್ಲಿ ನಿಂತ ಸೈನಿಕರ ಪಾದಗಳು ಮರಗಟ್ಟಿ, ಊದಿಕೊಂಡು, ಕೊಳೆಯುತ್ತಿದ್ದವು. ಗುಂಡಿಗೆ ಸಿಗದವರು ಕಾಲಿನಿಂದ ಸೋಲುತ್ತಿದ್ದರು. ರಾಣಿ ಮೇರಿಯ ಹೆಸರಿನಲ್ಲಿ ಮೂರು ಲಕ್ಷ ಜೊತೆ ಕಾಲುಚೀಲಕ್ಕೆ ಹೆಂಗಸರಲ್ಲಿ ಮನವಿ ಹೋಯಿತು. ಬೆರಳ ತುದಿಯಲ್ಲಿ ದಪ್ಪ ಹೊಲಿಗೆ ಇದ್ದರೆ ಬೂಟಿನೊಳಗೆ ಉಜ್ಜಿ ಗಾಯವಾಗುತ್ತದೆ, ಆದ್ದರಿಂದ ಗಂಟಿಲ್ಲದೆ ಮುಚ್ಚುವ ಉಪಾಯವನ್ನು ಕಿಚನರನೇ ಹೇಳಿಕೊಟ್ಟ ಎಂಬ ಕಥೆ ಉಂಟು. ಕಥೆ ಚೆನ್ನಾಗಿದೆ, ಆದರೆ ನಂಬಬೇಡಿ. ಹಾಗೆ ಮುಚ್ಚುವ ವಿಧಾನ ಅವನಿಗಿಂತ ಹಳೆಯದು. ಯಾವುದೋ ಊರಿನ ಹೆಂಗಸರು ಕಂಡುಹಿಡಿದದ್ದಕ್ಕೆ ದಂಡನಾಯಕನ ಹೆಸರು ಅಂಟಿಕೊಂಡಿತು. ಆತ 1916ರಲ್ಲಿ ಹಡಗು ಮುಳುಗಿ ಸತ್ತ. ಹೊಲಿಗೆ ಮಾತ್ರ ಉಳಿದಿದೆ.

ಯುದ್ಧದ ಕಾಲು ಹಾಗಿರಲಿ. ಗಂಟಿಲ್ಲದ ಬೆರಳ ತುದಿ ನನಗೆ ಬೇಕಾದದ್ದು ನನ್ನ ಅಪ್ಪನಿಗೆ.

ನಮ್ಮದು ಕೊಪ್ಪದ ಕಡೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯಿತು. ಈಚೆಗೆ ಪಾದಗಳಲ್ಲಿ ಸ್ಪರ್ಶ ಕಡಿಮೆ. ಹೋದ ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು ತೋಟ ಸುತ್ತಿ ಬಂದವರು ಜಗಲಿಯಲ್ಲಿ ನಡೆದಾಗ, ನೆಲದ ಮೇಲೆ ರಕ್ತದ ಗುರುತು ಕಂಡವಳು ಅಮ್ಮ. ಬೂಟಿನೊಳಗೆ ಅಡಕೆ ಸಿಪ್ಪೆಯ ಚೂರೊಂದು ಇತ್ತು. ಅರ್ಧ ದಿನ ಅದರ ಮೇಲೆ ನಡೆದಿದ್ದಾರೆ, ಅವರಿಗೆ ಗೊತ್ತೇ ಆಗಿಲ್ಲ. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅಮ್ಮ ಫೋನಿನಲ್ಲಿ ಮೊದಲು ಹೇಳುತ್ತಿದ್ದದ್ದು ಗಾಯದ ಅಗಲ, ಆಮೇಲೆ ಮಳೆಯ ಸುದ್ದಿ.

ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇಂಥ ಪಾದಗಳಿವೆ ಎಂದು ನನಗೆ ಗೊತ್ತು, ಅದಕ್ಕೇ ಇದನ್ನು ಬಾನುಲಿಯಲ್ಲಿ ಹೇಳಿದ್ದು. ವೈದ್ಯರು ಇಂಥವರಿಗೆ ಹೇಳುವುದು ಏನು? ಬರಿಗಾಲಲ್ಲಿ ನಡೆಯಬೇಡಿ. ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ. ಮೇಲೆ ಬಿಗಿಯಾದ ಎಲಾಸ್ಟಿಕ್ ಇರುವ ಕಾಲುಚೀಲ ಬೇಡ. ಒಳಗೆ ದಪ್ಪ ಹೊಲಿಗೆ ಬೇಡ. ಸಡಿಲವಾಗಿ ಮಡಿಕೆ ಬೀಳುವುದೂ ಬೇಡ, ಮಡಿಕೆಯೂ ಗಾಯ ಮಾಡುತ್ತದೆ. ಬಣ್ಣ ತಿಳಿಯಾಗಿರಲಿ, ಒಂದು ಹನಿ ರಕ್ತ ಬಂದರೂ ಕಾಣಬೇಕು. ಈ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ತಯಾರಾದ ಕಾಲುಚೀಲವೂ ಸಿಗುತ್ತದೆ, ಇಲ್ಲವೆಂದಲ್ಲ. ಆದರೆ ಅಂಗಡಿಯವರು ಮಾರುವುದು ‘ಫ್ರೀ ಸೈಜ್’. ಅಪ್ಪನ ಪಾದ ಅಗಲ, ಕಾಲು ಸಣಕಲು. ಆ ಸೈಜು ಯಾವ ಡಬ್ಬಿಯಲ್ಲೂ ಇಲ್ಲ.

ನಾನು ಕಡ್ಡಿ ಹಿಡಿಯಲು ಕಲಿತದ್ದು ಈ ಊರಿಗೆ ಬಂದ ಮೇಲೆ, ನಮ್ಮ ಕೆಳಗಿನ ಮನೆಯ ಮಾಶಿಮಾ ಕೈಯಲ್ಲಿ. ಕೊಲ್ಕತ್ತೆಯ ಚಳಿ ಎಷ್ಟು ಎಂದು ನಿಮಗೆ ಹೇಳಬೇಕೆ? ಜನವರಿಯ ರಾತ್ರಿ ಹನ್ನೆರಡು ಹದಿನಾಲ್ಕು ಡಿಗ್ರಿಗೆ ಇಳಿದರೆ ಪೂರ್ತಿ ಪಾಡಾ ಮಂಕಿ ಟೋಪಿ ಹಾಕಿಕೊಂಡು ಓಡಾಡುತ್ತದೆ. ನಾವು ನಗುತ್ತೇವೆ, ಮೂರನೇ ವರ್ಷಕ್ಕೆ ನಾವೂ ಹಾಕುತ್ತೇವೆ! ಚಳಿ ಚಿಕ್ಕದಾದರೂ ಅದರ ಸಂಭ್ರಮ ದೊಡ್ಡದು. ಖರ್ಜೂರದ ಹೊಸ ಬೆಲ್ಲ ಬರುವ ಹೊತ್ತಿಗೆ ವೆಲಿಂಗ್ಟನ್ ಚೌಕದ ಸುತ್ತ ಬೆಟ್ಟದ ಸೀಮೆಯವರ ಸ್ವೆಟರ್ ಅಂಗಡಿಗಳು ಸಾಲುಗಟ್ಟುತ್ತವೆ. ಮಾಳಿಗೆಯ ಬಿಸಿಲಿನಲ್ಲಿ ಕಿತ್ತಳೆ ಸುಲಿಯುತ್ತಾ ಉಲ್ಲನ್ ಹೆಣೆಯುವ ಹೆಂಗಸರು ಈಗ ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಮಾಶಿಮಾ ಆ ಪೈಕಿ. 1962ರಲ್ಲಿ ಚೀನಾ ಯುದ್ಧವಾದಾಗ ಅವರು ಶಾಲೆಯ ಹುಡುಗಿ. ಬೆಟ್ಟದ ಮೇಲಿನ ಜವಾನರಿಗೆ ಉಣ್ಣೆ ಬಟ್ಟೆ ಸಾಲದು ಎಂದು ದೇಶದ ಹೆಂಗಸರೆಲ್ಲ ಹೆಣೆಯಲು ಕೂತಿದ್ದರಲ್ಲ, ಆಗ ಅವರ ತಾಯಿಯ ಪಕ್ಕದಲ್ಲಿ ಕೂತು ಉಂಡೆ ಸುತ್ತಿಕೊಡುತ್ತಾ ಕಲಿತರಂತೆ. ಕಿಚನರ್ ಹೊಲಿಗೆ ಎಂದರೆ ಅವರಿಗೆ ಏನೆಂದು ಗೊತ್ತಿಲ್ಲ. ಕೈಗೆ ಗೊತ್ತಿದೆ.

ಬಂಗಾಳಿಯಲ್ಲಿ ಹೆಣಿಗೆಯ ಮಾತುಗಳು ಬಲು ಸೊಗಸು. ಕಡ್ಡಿಗೆ ಕಾಂಟಾ. ಮೀನಿನ ಮುಳ್ಳಿಗೂ ಅದೇ ಮಾತು, ಗಡಿಯಾರದ ಮುಳ್ಳಿಗೂ ಅದೇ. ಕುಣಿಕೆಗೆ ಅವರು ಘೊರ್ ಎನ್ನುತ್ತಾರೆ, ಅಂದರೆ ಮನೆ. ಕಡ್ಡಿಗೆ ಕುಣಿಕೆ ಏರಿಸುವುದು ಮನೆ ಎತ್ತುವುದು. ಕುಣಿಕೆ ಜಾರಿದರೆ ಮನೆ ಬಿತ್ತು. ‘ಘೊರ್ ಗೋನೋ’ ಎಂದು ಮಾಶಿಮಾ ಪ್ರತಿ ಐದು ನಿಮಿಷಕ್ಕೊಮ್ಮೆ ಹೇಳುತ್ತಾರೆ, ಮನೆ ಎಣಿಸು ಎಂದು. ಜನಗಣತಿಯವರಿಗೂ ಇಷ್ಟು ಒತ್ತಾಯ ಇರಲಾರದು. ಕಾಲುಚೀಲಕ್ಕೆ ಮೋಜಾ, ಅದು ಪಾರಸಿ ಮಾತು. ನಮ್ಮ ‘ಕಾಲುಚೀಲ’ವೇ ವಾಸಿ, ಕೇಳಿದ ಕೂಡಲೇ ವಸ್ತು ಕಣ್ಣಿಗೆ ಕಟ್ಟುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಅಳತೆ. ಕಾಲು ನಿಮ್ಮ ಎದುರಿಗಿದ್ದರೆ ಟೇಪು ಸಾಕು. ದೂರದ ಊರಿನಲ್ಲಿದ್ದರೆ ಹಾಳೆಯ ಮೇಲೆ ನಿಂತು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿ, ಅಂಚೆಯಲ್ಲಿ ತರಿಸಿ. ಸಂಜೆ ಹೊತ್ತು ಎಳೆಸಬೇಕು; ಬೆಳಗಿಗಿಂತ ಸಂಜೆಗೆ ಪಾದ ತುಸು ಊದಿರುತ್ತದೆ. ಬೆರಳುಗಳ ಬುಡದಲ್ಲಿ, ಪಾದ ಅತಿ ಅಗಲವಾಗಿರುವ ಕಡೆ, ದಾರ ಸುತ್ತಿ ಸುತ್ತಳತೆಯನ್ನೂ ಬರೆಸಿ. ಎರಡೂ ಪಾದದ್ದು ಬೇಕು, ಒಂದರಂತೆ ಒಂದು ಇರುವುದಿಲ್ಲ. ನಾನು ಕೇಳಿದಾಗ ಅಪ್ಪ, ‘ಕಲ್ಕತ್ತದಲ್ಲಿ ಕೂತು ನನ್ನ ಕಾಲು ಅಳೀತೀಯಾ, ಎಂತ ಹುಚ್ಚು ಮಾರಾಯ್ತಿ ನಿಂಗೆ’ ಎಂದರು. ಎರಡು ವಾರದ ನಂತರ ಪಂಚಾಂಗದ ಹಳೆಯ ಹಾಳೆಯ ಹಿಂದೆ ಎರಡು ಪಾದಗಳು ಬಂದವು. ಬಲಗಾಲಿನ ಗಾಯದ ಜಾಗಕ್ಕೆ ಅಮ್ಮ ಒಂದು ಸಣ್ಣ ಸೊನ್ನೆ ಹಾಕಿದ್ದಳು.

ಉಲ್ಲನ್ ಕೊಳ್ಳುವಾಗ ಎಚ್ಚರ. ನ್ಯೂ ಮಾರ್ಕೆಟ್ಟಿನಲ್ಲಿ, ಗರಿಯಾಹಾಟಿನ ಕಡೆ, ಲುಧಿಯಾನದಿಂದ ಬಂದ ಉಂಡೆಗಳು ರಾಶಿ ಇರುತ್ತವೆ, ಅದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ. ಒಂದು ಎಳೆ ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಬರೀ ಉಣ್ಣೆಯೂ ಕಾಲುಚೀಲಕ್ಕೆ ಬೇಗ ಸವೆಯುತ್ತದೆ, ಸ್ವಲ್ಪ ನೈಲಾನ್ ಬೆರೆತ ತೆಳು ಎಳೆ ಒಳ್ಳೆಯದು. ಒಂದು ಜೊತೆಗೆ ಸುಮಾರು 100 ಗ್ರಾಂ ಸಾಕು. ನಮ್ಮ ಕಡೆಯ ಕಂಬಳಿಯ ಉಣ್ಣೆ ಆಗದೇ ಎಂದು ಒಬ್ಬ ಕೇಳುಗರು ಕೇಳಿದ್ದರು. ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು ಅದಕ್ಕೆ ಸಮ ಇನ್ನೊಂದಿಲ್ಲ, ಆದರೆ ದಖ್ಖನಿ ಕುರಿಯ ಆ ಒರಟು ಎಳೆ ಗಾಯವಾಗುವ ಪಾದಕ್ಕೆ ಸಲ್ಲದು. ಕಂಬಳಿ ನೇಯುವುದು, ಇದು ಹೆಣೆಯುವುದು; ನೇಯ್ಗೆಗೆ ಹಾಸು ಹೊಕ್ಕು ಎಂದು ಎರಡು ನೂಲು ಬೇಕು, ಹೆಣಿಗೆಗೆ ಒಂದೇ ಎಳೆ. ಅದಕ್ಕೇ ಹೆಣೆದದ್ದು ಹಿಗ್ಗುತ್ತದೆ.

ಕಡ್ಡಿ 13 ನಂಬರಿನದು, ಅಂದರೆ 2.25 ಮಿಲಿಮೀಟರ್. ನಮ್ಮಲ್ಲಿ ಹಳೆಯ ಬ್ರಿಟಿಷ್ ಲೆಕ್ಕವೇ ಇನ್ನೂ ಅಂಗಡಿಯಲ್ಲಿದೆ, ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು. ಎರಡೂ ತುದಿ ಚೂಪಾದ ಐದು ಕಡ್ಡಿ ಬೇಕು. ನಾಲ್ಕರಲ್ಲಿ ಕುಣಿಕೆ ಇರುತ್ತವೆ, ಐದನೆಯದು ಕೆಲಸ ಮಾಡುತ್ತದೆ. ಕಬ್ಬಿಣದ ಕಡ್ಡಿ ಸದ್ದು ಮಾಡುತ್ತದೆ. ಹಾಡು ಓಡುವಾಗ ಸ್ಟುಡಿಯೋದಲ್ಲಿ ಒಂದೆರಡು ಸುತ್ತು ಹಾಕುವ ನನಗೆ ಬಿದಿರಿನದೇ ಗತಿ. ಐದು ನಿಮಿಷದ ಭಾವಗೀತೆಗೆ ಎರಡು ಸುತ್ತು ಆಗುತ್ತದೆ.

ಅಪ್ಪನ ಪಾದದ ಸುತ್ತಳತೆ 9 ಇಂಚು. ನನ್ನ ಕೈಯಲ್ಲಿ ಇಂಚಿಗೆ 8 ಕುಣಿಕೆ ಬರುತ್ತದೆ. 9 ಇಂಟು 8 ಎಂದರೆ 72. ಹೆಣೆದದ್ದು ಹಿಗ್ಗುವುದರಿಂದ ಮಾಮೂಲಿನಲ್ಲಿ ಹತ್ತನೇ ಒಂದು ಭಾಗ ಕಳೆದು 64 ಹಾಕುತ್ತಾರೆ, ಕಾಲಿಗೆ ಹಿಡಿದಂತೆ ಕೂರಲಿ ಎಂದು. ಇಲ್ಲಿ ಬಿಗಿ ಬೇಡ, ಮಡಿಕೆಯೂ ಬೇಡ. ಮಾಶಿಮಾ ಮತ್ತು ನಾನು ಎರಡು ಸಂಜೆ ಚರ್ಚಿಸಿ 68ಕ್ಕೆ ನಿಂತೆವು. ನಾಲ್ಕು ಕುಣಿಕೆ ಎಂದರೆ ಅರ್ಧ ಇಂಚು. ಆ ಅರ್ಧ ಇಂಚಿಗಾಗಿಯೇ ಈ ಎಲ್ಲಾ ಪಾಡು.

ಇನ್ನು ಜಡೆ. ಇಂಗ್ಲಿಷಿನಲ್ಲಿ ಕೇಬಲ್, ಬಂಗಾಳಿಯಲ್ಲಿ ಬಿನುನಿ. ನೋಡಿದವರು ಇದೇನು ಇಂದ್ರಜಾಲ ಎನ್ನುತ್ತಾರೆ, ಮಾಡಿದರೆ ಏನೂ ಇಲ್ಲ. ನಾಲ್ಕು ಸೀದಾ ಕುಣಿಕೆಗಳ ಒಂದು ಪಟ್ಟಿ, ಅದರ ಎರಡೂ ಪಕ್ಕ ಎರಡೆರಡು ಉಲ್ಟಾ ಕುಣಿಕೆಗಳ ಚರಂಡಿ. ಪ್ರತಿ ಆರನೇ ಸುತ್ತಿಗೆ ಪಟ್ಟಿಯ ಮೊದಲ ಎರಡು ಕುಣಿಕೆಯನ್ನು ಹೆಣೆಯದೆ ಒಂದು ಚಿಕ್ಕ ಕಡ್ಡಿಗೆ ಏರಿಸಿ ಮುಂದೆ ನೇತಾಡಲು ಬಿಡಿ. ಹಿಂದಿನ ಎರಡನ್ನು ಮೊದಲು ಹೆಣೆಯಿರಿ, ಆಮೇಲೆ ನೇತಾಡುವವನ್ನು ಹೆಣೆಯಿರಿ. ಹುರಿ ಎಡಕ್ಕೆ ವಾಲುತ್ತದೆ. ಚಿಕ್ಕ ಕಡ್ಡಿಯನ್ನು ಹಿಂದೆ ಬಿಟ್ಟರೆ ಬಲಕ್ಕೆ. ನಿಜ ಹೇಳಬೇಕೆಂದರೆ ಇದು ಜಡೆಯಲ್ಲ, ಎರಡೆಳೆಯ ಹುರಿ. ಮೂರು ಕಾಲಿನ ಜಡೆಗೆ ಆರು ಕುಣಿಕೆ ಬೇಕು, ಒಮ್ಮೆ ಎಡದ ಜೋಡಿಯನ್ನೂ ಒಮ್ಮೆ ಬಲದ ಜೋಡಿಯನ್ನೂ ದಾಟಿಸಬೇಕು. ಅಮ್ಮಂದಿರು ಶಾಲೆಗೆ ಹೊರಡುವ ಹುಡುಗಿಯ ತಲೆಯಲ್ಲಿ ಮಾಡುವುದೂ ಅದನ್ನೇ.

ಆದರೆ ಒಂದು ವಿಷಯ ಪುಸ್ತಕಗಳು ಮೆಲ್ಲಗೆ ಹೇಳುತ್ತವೆ, ನಾನು ಜೋರಾಗಿ ಹೇಳುತ್ತೇನೆ. ಬಿಟ್ಟ ಕೂದಲು ಹರಡಿಕೊಳ್ಳುತ್ತದೆ, ಜಡೆ ಹಾಕಿದರೆ ಒತ್ತಿಕೊಳ್ಳುತ್ತದೆ. ಕಾಲುಚೀಲದಲ್ಲೂ ಹಾಗೆಯೇ, ಜಡೆ ಇರುವಲ್ಲಿ ಬಟ್ಟೆ ಒಳಕ್ಕೆ ಎಳೆಯುತ್ತದೆ, ಹಿಗ್ಗುವುದೂ ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಹೆಣೆದರೆ ಮೀನಖಂಡಕ್ಕೆ ಹಗ್ಗ ಕಟ್ಟಿದಂತೆ ಆಗುತ್ತದೆ. ನಾವು ಕಾಲಿಗೆ ಎರಡು ಜಡೆ ಇಟ್ಟೆವು, ಮುಂದೊಂದು ಹಿಂದೊಂದು. ಜಡೆಗೆ ಎರಡರಂತೆ ನಾಲ್ಕು ಕುಣಿಕೆ ಸೇರಿಸಿ, ಕಾಲಿನ ಭಾಗವನ್ನು 72ರಲ್ಲಿ ಹೆಣೆದು, ಹಿಮ್ಮಡಿಗೆ ಮುಂಚೆ ಆ ನಾಲ್ಕನ್ನು ಇಳಿಸಿದೆವು. ಜಡೆಯೂ ಅಲ್ಲಿಗೇ ನಿಂತಿತು. ಚಿತ್ರಗಳಲ್ಲಿ ಜಡೆ ಪಾದದ ಮೇಲೆ ಬೆರಳವರೆಗೂ ಹರಿದು ಬರುತ್ತದೆ, ಚೆಂದವೂ ಹೌದು, ನೀವು ನಿಮಗಾಗಿ ಹೆಣೆದರೆ ಹಾಗೆ ಮಾಡಿ. ಸ್ಪರ್ಶ ಇಲ್ಲದ ಪಾದಕ್ಕೆ, ಅದೂ ಬೂಟಿನೊಳಗೆ, ಏಣು ಬೇಡ. ಹಾಗಾದರೆ ಜಡೆಯೇ ಯಾಕೆ ಎಂದು ಕೇಳಬಹುದು. ಅಪ್ಪ ಔಷಧಿಯ ವಾಸನೆ ಇರುವ ಯಾವುದನ್ನೂ ಮೈಮೇಲೆ ಹಾಕಿಕೊಳ್ಳುವವರಲ್ಲ. ‘ರೋಗಿಯ ಕಾಲುಚೀಲ’ ಕಳಿಸಿದರೆ ಬೀರುವಿನೊಳಗೇ ಇರುತ್ತದೆ. ಜಡೆ ಇದ್ದರೆ ಅದು ಮಗಳು ಕಳಿಸಿದ ಉಡುಗೊರೆ, ಬಂದವರಿಗೆ ಪಂಚೆ ಎತ್ತಿ ತೋರಿಸಬಹುದು.

ಜಡೆ ಹೆಣಿಗೆ ಎಂದ ಕೂಡಲೇ ಐರ್ಲೆಂಡಿನ ಆರನ್ ದ್ವೀಪದ ಸ್ವೆಟರಿನ ಕಥೆ ಹೇಳುವವರಿದ್ದಾರೆ. ಅಲ್ಲಿ ಪ್ರತಿ ಮನೆತನಕ್ಕೂ ಅದರದೇ ಜಡೆ, ಸಮುದ್ರದಲ್ಲಿ ಸತ್ತ ಬೆಸ್ತನನ್ನು ಜಡೆ ನೋಡಿಯೇ ಗುರುತು ಹಿಡಿಯುತ್ತಿದ್ದರಂತೆ. ಇದಕ್ಕೆ ಆಧಾರ ಇಲ್ಲ, ಆ ಸ್ವೆಟರೇ ಇಪ್ಪತ್ತನೇ ಶತಮಾನದ್ದು. ಕಥೆಯ ಬೇರು ಎಲ್ಲಿರಬಹುದು ಎಂಬುದು ಮಾತ್ರ ರೋಚಕ. ಬಿ.ಎ.ಯ ಇಂಗ್ಲಿಷ್ ಪತ್ರಿಕೆಯಲ್ಲಿ ನಿಮ್ಮಲ್ಲಿ ಕೆಲವರು ಓದಿರಬಹುದಾದ ಸಿಂಜ್‌ನ ನಾಟಕ, ‘ರೈಡರ್ಸ್ ಟು ದ ಸೀ’, 1904ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಆಡಿದ್ದು. ಅದರಲ್ಲಿ ಮುಳುಗಿದ ಅಣ್ಣನ ಗುರುತು ತಂಗಿಗೆ ಸಿಗುವುದು ಜಡೆಯಿಂದಲ್ಲ, ಲೆಕ್ಕದಿಂದ. ಕಾಲುಚೀಲಕ್ಕೆ ತಾನು ಅರವತ್ತು ಕುಣಿಕೆ ಏರಿಸಿ ನಾಲ್ಕನ್ನು ಬಿಟ್ಟದ್ದು ಅವಳಿಗೆ ನೆನಪಿದೆ. ಕಾಲೇಜಿನಲ್ಲಿ ಈ ಜಾಗ ನನಗೆ ಏನೂ ಅನ್ನಿಸದೆ ಹೋಗಿತ್ತು. ಪರೀಕ್ಷೆಗೆ ‘ವಿಧಿಯ ಪಾತ್ರ’ ಬರೆದು ಬಂದವಳು. ಈಗ ಓದಿದರೆ ಆ ಹುಡುಗಿಯ ಬೆರಳು ಕಾಣುತ್ತದೆ.

ಹಿಮ್ಮಡಿಯ ವಿಷಯ ಬೇಗ ಹೇಳಿಬಿಡುತ್ತೇನೆ, ಅದನ್ನು ಕಾಗದದಲ್ಲಿ ಕಲಿಯಲಾಗದು, ಯಾರ ಪಕ್ಕದಲ್ಲಾದರೂ ಕೂತು ಕಲಿಯಬೇಕು. ಅರ್ಧ ಕುಣಿಕೆ, ಅಂದರೆ 34, ಹಿಂದೆಮುಂದೆ 34 ಸಾಲು ಹೆಣೆದು ಒಂದು ಪಟ್ಟಿ ಮಾಡುವುದು. ಆಮೇಲೆ ಸಾಲನ್ನು ಪೂರ್ತಿ ಮುಗಿಸದೆ ನಡುನಡುವೆ ತಿರುಗಿ ತಿರುಗಿ ಹೆಣೆದರೆ ಪಟ್ಟಿ ತಾನಾಗಿ ಬಟ್ಟಲಿನಂತೆ ಬಾಗುತ್ತದೆ. ಬಟ್ಟೆಯನ್ನು ಕತ್ತರಿಸದೆ, ಹೊಲಿಯದೆ, ಒಂದೇ ಎಳೆ ಮೂಲೆ ತಿರುಗುವುದನ್ನು ಮೊದಲ ಸಲ ಕಂಡಾಗ ಯಾರಿಗಾದರೂ ನಗು ಬರುತ್ತದೆ. ಪಟ್ಟಿಯ ಎರಡೂ ಅಂಚಿನಿಂದ 17-17 ಕುಣಿಕೆ ಎತ್ತಿಕೊಂಡು ಮತ್ತೆ ಸುತ್ತು. ಹೆಚ್ಚಿದ್ದನ್ನು ಒಂದು ಬಿಟ್ಟು ಒಂದು ಸುತ್ತಿಗೆ ಇಳಿಸುತ್ತಾ 68ಕ್ಕೆ ಬನ್ನಿ. ಪಾದದ ಉದ್ದಕ್ಕೂ ಬರೀ ಸೀದಾ, ಎರಡು ಇಂಚು ಉಳಿಯುವವರೆಗೆ. ಇಲ್ಲಿ ಬೇಜಾರು ಬರುತ್ತದೆ. ಒಂದು ಕಾಲಿಗೆ ಹತ್ತು ಸಾವಿರದಷ್ಟು ಕುಣಿಕೆ, ಅದರ ಅರ್ಧ ಬೇಜಾರಿನವು.

ಬೆರಳ ತುದಿಗೆ ಒಂದು ಬಿಟ್ಟು ಒಂದು ಸುತ್ತಿನಲ್ಲಿ ನಾಲ್ಕು ನಾಲ್ಕು ಕಳೆಯುತ್ತಾ ಬಂದರೆ ಹನ್ನೆರಡು ಸಲ ಕಳೆದ ಮೇಲೆ 20 ಉಳಿಯುತ್ತವೆ. ಮೇಲೆ ಹತ್ತು, ಕೆಳಗೆ ಹತ್ತು. ಎರಡು ಕಡ್ಡಿಯ ಮೇಲೆ ಎದುರುಬದುರು. ಈಗ ಕಿಚನರ್ ಸಾಹೇಬನ ಸರದಿ. ಎಳೆಯನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ಮೊಂಡು ದಬ್ಬಣಕ್ಕೆ ಪೋಣಿಸಿ. ಮುಂದಿನ ಕಡ್ಡಿಯಲ್ಲಿ ಮೊದಲನೆಯದಕ್ಕೆ ಸೀದಾ ತೂರಿಸಿ ಬಿಡಿ, ಎರಡನೆಯದಕ್ಕೆ ಉಲ್ಟಾ ತೂರಿಸಿ ಇಡಿ. ಹಿಂದಿನ ಕಡ್ಡಿಯಲ್ಲಿ ಮೊದಲನೆಯದಕ್ಕೆ ಉಲ್ಟಾ ತೂರಿಸಿ ಬಿಡಿ, ಎರಡನೆಯದಕ್ಕೆ ಸೀದಾ ತೂರಿಸಿ ಇಡಿ. ಸೀದಾ ಬಿಡು, ಉಲ್ಟಾ ಇಡು. ಉಲ್ಟಾ ಬಿಡು, ಸೀದಾ ಇಡು. ಬಾಯಲ್ಲಿ ಮಗ್ಗಿಯ ಹಾಗೆ ಹೇಳಿಕೊಳ್ಳಿ. ನಡುವೆ ಕರೆಗಂಟೆ ಬಾರಿಸಿದರೆ ಬಾಗಿಲು ತೆಗೆಯಬೇಡಿ. ದಬ್ಬಣದ ಎಳೆ ತಾನೇ ಒಂದು ಹೊಸ ಸಾಲು ಕುಣಿಕೆಯಾಗಿ ಎರಡು ಬದಿಯನ್ನೂ ಕೂಡಿಸುತ್ತದೆ, ಎಲ್ಲಿ ಕೂಡಿತು ಎಂದು ಬೆರಳಿಗೆ ಹತ್ತುವುದಿಲ್ಲ.

ಮಾಶಿಮಾ ಈಗ ಈ ಕೊನೆಯ ಹೊಲಿಗೆಯನ್ನು ಹಾಕುವುದಿಲ್ಲ. ಸಂಜೆಯ ಬೆಳಕಿನಲ್ಲಿ ಅವರಿಗೆ ಕುಣಿಕೆ ಕಾಣದು. ಸುತ್ತುಗಳನ್ನು ಬೆರಳಿನ ಅಂದಾಜಿನಲ್ಲೇ ಹೆಣೆಯುತ್ತಾರೆ. ನಾವು ಕೆನೆ ಬಣ್ಣದ ಉಲ್ಲನ್ ತಂದದ್ದು ವೈದ್ಯರ ಮಾತಿಗಾದರೂ ಅದರಿಂದ ಅವರಿಗೂ ಅನುಕೂಲವಾಯಿತು. ಎಡಗಾಲಿನದನ್ನು ಅವರು ಹೆಣೆದರು, ಬಲಗಾಲಿನದನ್ನು ನಾನು, ಎರಡರ ತುದಿಯನ್ನೂ ನಾನೇ ಮುಚ್ಚಿದೆ. ಮುಚ್ಚಿದ ಮೇಲೆ ಅವರು ಒಳಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಅಪ್ಪನ ಬಲಪಾದ ಎಡಕ್ಕಿಂತ ಕಾಲು ಇಂಚು ಉದ್ದ. ನಮ್ಮಿಬ್ಬರ ಕೈಬಿಗಿಯೂ ಬೇರೆಬೇರೆ, ಹಾಗಾಗಿ ನನ್ನದರಲ್ಲಿ ಎರಡು ಸುತ್ತು ಹೆಚ್ಚಿಗೆ ಹೆಣೆದರೇ ಸರಿಹೋಯಿತು.

ಒಗೆಯುವುದು ಉಗುರುಬೆಚ್ಚನೆಯ ನೀರಿನಲ್ಲಿ, ಹಿಂಡದೆ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಬಿಸಿ ನೀರು ಮತ್ತು ತಿಕ್ಕಾಟ ಸೇರಿದರೆ ಉಣ್ಣೆ ಕುಗ್ಗಿ ದಪ್ಪವಾಗುತ್ತದೆ, ನಿಮ್ಮ 68 ಎಲ್ಲಿ ಹೋಯಿತೋ ಗೊತ್ತಾಗದು. ಇನ್ನೊಂದು ಮಾತು, ಕಾಲುಚೀಲ ಎಷ್ಟೇ ಹದವಾಗಿದ್ದರೂ ಗಾಯವನ್ನು ತಡೆಯುವ ತಾಯಿತ ಅಲ್ಲ. ರಾತ್ರಿ ಪಾದ ನೋಡುವುದನ್ನು ಬಿಡಬೇಡಿ, ಹಾಕುವ ಮುಂಚೆ ಬೂಟನ್ನು ಕೊಡವುದನ್ನು ಬಿಡಬೇಡಿ, ಗಾಯ ಕಂಡರೆ ವೈದ್ಯರ ಬಳಿ ಹೋಗುವುದಕ್ಕೆ ನಾಳೆ ಎನ್ನಬೇಡಿ.

ಪೊಟ್ಟಣ ಕೊಪ್ಪ ತಲುಪಿ ಆರು ವಾರ ಆಯಿತು. ಅಪ್ಪ ಹಾಕಿಕೊಳ್ಳುತ್ತಿದ್ದಾರೆ. ತೋಟಕ್ಕೆ ಹೋಗುವಾಗ ಬೇಡ, ಕೊಳೆಯಾಗುತ್ತದೆ ಎಂದು ತೆಗೆದಿಡುತ್ತಿದ್ದರಂತೆ, ಅಮ್ಮ ಜಗಳ ಮಾಡಿ ಹಾಕಿಸುತ್ತಿದ್ದಾಳೆ. ದಿನಾ ಸಂಜೆ ಅದನ್ನು ಕಳಚಿ, ಒಳಗು ಹೊರಗು ಮಾಡಿ, ದೀಪದ ಕೆಳಗೆ ಹಿಡಿದು ನೋಡುತ್ತಾಳೆ. ಇದುವರೆಗೆ ಬಿಳಿಯೇ ಇದೆ. ಮಳೆಗಾಲಕ್ಕೆ ಒಂದು ಜೊತೆ ಒದ್ದೆಯಾದರೆ ಒಣಗಲು ಮೂರು ದಿನ ಬೇಕು, ಇನ್ನೆರಡು ಜೊತೆ ಬೇಕಾಗುತ್ತದೆ. ಉಲ್ಲನ್ ಅಂಗಡಿಗಳಲ್ಲಿ ಸರಕು ಖಾಲಿಯಾಗುವ ಮುಂಚೆ ಅದೇ ಕೆನೆ ಬಣ್ಣದ ನಾಲ್ಕು ಉಂಡೆ ತಂದಿಟ್ಟಿದ್ದೇವೆ. ಮಾಶಿಮಾ ಆಗಲೇ 72 ಮನೆ ಎತ್ತಿಯಾಗಿದೆ.